ಎರಡನೇ ಚಾವಿ

ಚಾವಿ ಎಲ್ಲಿ ಬಿತ್ತಂದ್ರ,
ಬ್ಯಾಡಗಿ ಪ್ಯಾಟ್ಯಾಗ, ಸೋಮವಾರ,
ಡಬ್ಬಿ ಮೆಣಸಿನಕಾಯಿ ರಾಶಿಯೊಳಗ.
ಬಗ್ಗಿ ಬೊಗಸಿ ಕಾಯಿ ಎತ್ತಿ ಮೂಸಿ ನೋಡುವಾಗ
ಅಂಗಿ ಕಿಸೆದಿಂದ ಜಾರಿತ್ತು.
ಮುನ್ನೂರು ಚೀಲ. ಕೆಂಪಿನ ಮ್ಯಾಲೆ ಕೆಂಪು.
ಹೆಣ್ಮಕ್ಕಳು ಸೆರಗ ಮೂಗಿಗೆ ಕಟ್ಟಿ ಹುಡುಕಿದ್ರು,
ಒಬ್ಬಾಕಿಯ ಕಿವಿಯೋಲಿ ಸಿಕ್ತು, ಹೋದ ಸುಗ್ಗ್ಯಾಗ ಕಳಕೊಂಡದ್ದಂತ,
ಚಾವಿ ಸಿಗಲಿಲ್ಲ.
ಸಂಜೀಕ ಲಾರಿ ಕೊಚ್ಚಿ ಕಡೆ ಹೋತು.
ಈಗದು ಯಾವುದೋ ಗಿರಣಿಯ ಹಲ್ಲಿಗೆ ಸಿಕ್ಕು
ಯಾರದೋ ಬೈಗುಳ ತಿನ್ನತಿರಬೇಕು.

ಮರುದಿನ ಹುಬ್ಬಳ್ಳಿಯಿಂದ ಬಸ್ಸಿಗೆ ಬಂದ ದಾವಲಸಾಬ,
ಕೈಯಾಗ ಚಾವಿ ಕೊರಿಯೋ ಮಷೀನು,
ಹೆಗಲಿಗೆ ಮಗಳ ಕಾಲೇಜಿನ ಲ್ಯಾಪ್‌ಟಾಪು.
ಯಾರ್ಡಿನ ಗೇಟು ದಾಟತಿದ್ದಂಗ
ಏಳು ಸೀನು ಸೀನಿದ. ನಾ ಎಣಿಸಿದೆ.
"ಏನ್ ಊರ್ರೀ ಇದು,
ಗಾಳೀನೂ ಒಗ್ಗರಣಿ ಹಾಕ್ಕೊಂಡು ಬರತೈತಿ."

ಕೀಲಿ ನೋಡಿ ಹಲ್ಲು ಕೊರದ.
ಬಾಗಿಲ ತೆಗೀತು.
ಖುಷೀಲೆ ಒಳಗ ಕುಂತು ತಿರುವಿದೆ.
ಗಾಡಿ ಒಂದು ಗಳಿಗಿ ಗುರ್ ಅಂದು
ನನ್ನ ಮಾರಿ ನೋಡಿದಂಗ ಮಾಡಿ
ಸುಮ್ಮಾತು.
ಮೀಟರಿನ್ಯಾಗ ಸಣ್ಣದೊಂದು ಕೆಂಪ ದೀಪ, ಪಿಳಿಪಿಳಿ.

"ಹಲ್ಲು ಬರೋಬ್ಬರಿ ಅದಾವು. ಹೆಸರ ಹೇಳಿಲ್ಲ ಅದು,"
ಅಂದ ದಾವಲಸಾಬ. ಅಂಗೈ ಮ್ಯಾಲಿಟ್ಟು ತೋರಿಸಿದ
ಚಿಪ್ಪು, ಅಕ್ಕಿ ನುಚ್ಚಿನಷ್ಟು.
"ಇದಕ್ಕ ಸೆಲ್ಲಿಲ್ಲ, ಜೀವಾ ಇಲ್ಲ.
ಯಾರು ಅಂತ ಗಾಡಿ ಕೇಳಿದಾಗಷ್ಟ
ಆ ಗಾಡಿ ಉಸುರನ್ನ ಕೈಗಡ ತಗೊಂಡು
ನಾನು ಅಂತೈತಿ. ಮತ್ತ ಸಾಯತೈತಿ."

ಆಮ್ಯಾಲೆ, ಪರದೆ ಮ್ಯಾಲಿನ ಕಣ್ಣು ತೆಗೀದ ಕೇಳಿದ:
"ಎರಡನೇದು ಎಲ್ಲೈತ್ರಿ?
ಹೊಸಾದ್ದು ಕಲಸಾಕ ಕುಂತ್ರ
ಎದುರಿಗಿಲ್ಲದ್ದನ್ನೆಲ್ಲ ಗಾಡಿ ಮರೀತೈತಿ."

ಎರಡನೇದು ಫಕ್ಕೀರೇಶನ ಹಂತ್ಯಾಕ.
ಇಬ್ಬರೂ ಕೂಡಿ ತಗೊಂಡ ಗಾಡಿ,
ಶೋರೂಮಿನವ ಎರಡು ಚಾವಿ ಕೊಟ್ಟಾಗ
ಒಂದೊಂದು ಕಿಸೆಕ ಹಾಕ್ಕೊಂಡು ನಕ್ಕಿದ್ವಿ.
ಶ್ರಾವಣದಾಗ ಲೆಕ್ಕ ಮುರೀತು:
ಗೋದಾಮಿನ್ಯಾಗ ತೂಕಕ್ಕ ಕಮ್ಮಿ ಬಿದ್ದ ಹದಿನೆಂಟು ಕಿಲೋ.
ನೀ ಅಂದ, ನಾ ಅಂದೆ.
ಗಾಡಿ ನನಗ.
ತಕ್ಕಡಿ, ತಾಡಪತ್ರಿ, ಮ್ಯಾಲೆ ನಲವತ್ತು ಸಾವಿರ ಅವಗ.
ಚಾವಿ ಕೇಳೋದು ಮರತೆ.
ಮರೀಲಿಲ್ಲ. ಕೇಳಲಿಲ್ಲ.
ನಾಕು ಅಂಗಡಿ ಆಚಿಗೆ ಕೂಡತಾನ,
ನೂರು ಮಂದಿ ಕೆಮ್ಮೋ ಈ ಪ್ಯಾಟ್ಯಾಗ
ಅವನ ಕೆಮ್ಮು ಬ್ಯಾರೆ ಕೇಳತೈತಿ ನನಗ.

"ಇಲ್ಲ," ಅಂದೆ. "ಒಂದ ಇತ್ತು."
ದಾವಲಸಾಬ ಮೂಗು ಒರಸ್ಕೊಂಡು ಗುಂಡಿ ಒತ್ತಿದ.
ಹತ್ತು ನಿಮಿಷ.
ಆ ಹತ್ತು ನಿಮಿಷ ಗಾಡಿಗೆ
ಯಾರ ಗುರುತೂ ಇರಲಿಲ್ಲ.
ಆಮ್ಯಾಲೆ ದೀಪ ಆರಿತು, ಎಂಜಿನ್ ಹತ್ತಿತು.
ಮೂರು ಸಾವಿರದ ಎಂಟನೂರು. ಚಾ ನನ್ನದು.

ಸಂಜೀಕ ಒಬ್ಬ ಹಮಾಲರ ಹುಡುಗ ಬಂದ,
ಹಳೇ ಪಟ್ಟಿ ಹಾಳ್ಯಾಗ ಸುತ್ತಿದ ಪೊಟ್ಟಣ.
"ಫಕ್ಕೀರೇಶಣ್ಣ ಕೊಟ್ಟಾನ್ರಿ. ನಿಮ್ಮದು ಕಳೀತಂತಲ್ಲ,
ಸುಮ್ನ ರೊಕ್ಕಾ ಹಾಳ ಮಾಡಬ್ಯಾಡಂತ ಹೇಳಂದ."

ಬಿಚ್ಚಿದೆ. ಅದ ನೀಲಿ ದಾರ,
ಚೀಲ ಹೊಲಿಯೋ ದಾರ, ನಾನ ಹಾಕಿದ ಗಂಟು.
"ಸಿಕ್ತಂತ ಹೇಳು," ಅಂದೆ ಹುಡುಗಗ.
ಏನು ಸಿಕ್ತು ಅಂತ ಅವ ಕೇಳಲಿಲ್ಲ.

ಯಾರ್ಡು ಖಾಲಿಯಾದ ಮ್ಯಾಲೆ
ಆ ಚಾವೀಲೆ ಬಾಗಿಲ ತೆಗದೆ. ತೆಗೀತು.
ಒಳಗ ಬೆಳಕ ಹತ್ತಿತು.
ಎರಡು ಸೀಟಿನ ನಡುವ ಒಣಗಿದ್ದೊಂದು ತೊಟ್ಟು.
ತಿರುವಲಿಲ್ಲ.
ತಿರುವಿದ್ರ ಏನಾಗತೈತಿ ಗೊತ್ತಿತ್ತು.

ದಾವಲಸಾಬನ ನಂಬರು ಚೀಟಿ ಹಿಂದ ಐತಿ.
ಮರತದ್ದು ಮತ್ತ ಕಲೀತೈತಂತ, ಅರ್ಧಾ ತಾಸಿನ ಕೆಲಸ,
ಎರಡೂ ಚಾವಿ ಒಂದ ಕಡೆ ಇರಬೇಕಷ್ಟ.
ಚೀಟಿ ತಿರುವಿ ಹಾಕತಾ ಕುಂತೆ.

ನಾಕು ಅಂಗಡಿ ಆಚಿಗೆ ಶಟರ್ ಇಳಿಸೋ ಸಪ್ಪಳ.
ಕೆಮ್ಮಿದ.
ನಾನೂ ಕೆಮ್ಮಿದೆ.